ಸಾಫ್ಟ್‌ವೇರ್ ತಂದರೆ ಸಾಲದು, ಕೆಲಸ ನಡೆಸುವವರು ಬೇಕು: ಮಂಡಿ, ಅಂಗಡಿ, ಹೋಮ್‌ಸ್ಟೇಯವರಿಗೆ ಹಂತ ಹಂತದ ಮಾರ್ಗದರ್ಶಿ

ಚಿಕ್ಕಮಗಳೂರು, ಹಾಸನ ಕಡೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಮ್ಮ ವ್ಯಾಪಾರಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಕಾಫಿ ಮಂಡಿಯವರು ಕೇಳುತ್ತಾರೆ, ಗೊಬ್ಬರದ ಅಂಗಡಿಯವರು ಕೇಳುತ್ತಾರೆ, ಮೂಡಿಗೆರೆ ಕಡೆಯ ಹೋಮ್‌ಸ್ಟೇಯವರೂ ಕೇಳುತ್ತಾರೆ. ನನ್ನ ಉತ್ತರದಿಂದ ಕೆಲವರಿಗೆ ಬೇಜಾರಾಗುತ್ತದೆ. ಮಾರುಕಟ್ಟೆಯಲ್ಲಿರುವ ಹಲವು ಸಾಫ್ಟ್‌ವೇರ್‌ಗಳು ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಎಡವಟ್ಟಾಗುವುದು ಅದನ್ನು ತಂದು ಕೂರಿಸುವ ರೀತಿಯಲ್ಲಿ. ದುಡ್ಡು ಕೊಟ್ಟು ತಂದ ಪ್ರೋಗ್ರಾಂ ಮೂಲೆಯ ಕಂಪ್ಯೂಟರಿನಲ್ಲಿ, ನಿಜವಾದ ಲೆಕ್ಕ ಮಾತ್ರ ಗಲ್ಲಾಪೆಟ್ಟಿಗೆ ಪಕ್ಕದ ಪುಸ್ತಕದಲ್ಲಿ. ಇಂಥ ಅಂಗಡಿಯನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಎರಡು ಪದ ಮೊದಲೇ ಬಿಡಿಸಿ ಹೇಳುತ್ತೇನೆ. ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್ ಅಂದರೆ ಪುಸ್ತಕ, ಚೀಟಿ, ಬಾಯಿಮಾತಿನ ಮೇಲೆ ನಡೆಯುವ ವ್ಯವಹಾರವನ್ನು ಕಂಪ್ಯೂಟರ್, ಮೊಬೈಲಿಗೆ ತರುವುದು, ತರುವಾಗ ಕೆಲಸ ಮಾಡುವ ಕ್ರಮವನ್ನೂ ಬದಲಿಸಿಕೊಳ್ಳುವುದು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂದರೆ ಏನು ಆಗಬೇಕು, ಯಾರು ಮಾಡಬೇಕು, ಯಾವಾಗ ಮುಗಿಯಬೇಕು, ಎಷ್ಟು ಖರ್ಚು ಅಂತ ಮೊದಲೇ ಬರೆದಿಟ್ಟು, ಹಾಗೇ ನಡೆಯುತ್ತಿದೆಯೋ ಇಲ್ಲವೋ ವಾರವಾರ ನೋಡುವುದು. ದೊಡ್ಡ ಕಂಪನಿಗಳಲ್ಲಿ ಇದಕ್ಕೇ ಒಬ್ಬರು ಸಂಬಳಕ್ಕೆ ಇರುತ್ತಾರೆ. ನಿಮ್ಮಲ್ಲಿ ಇರುವುದಿಲ್ಲ. ಆದರೆ ಆ ಕೆಲಸ ಇದ್ದೇ ಇರುತ್ತದೆ, ಯಾರಾದರೂ ಮಾಡಲೇಬೇಕು.

ಉದಾಹರಣೆಗೆ ಒಂದು ಕಾಫಿ ಮಂಡಿ ತೆಗೆದುಕೊಳ್ಳೋಣ. ಸುತ್ತಲಿನ ಸಣ್ಣ ಬೆಳೆಗಾರರಿಂದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ), ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಕೊಳ್ಳುತ್ತದೆ, ಗೋಡೌನ್ ಇದೆ, ಮುಂಗಡ ಕೊಡುವ ಪದ್ಧತಿ ಇದೆ, ಸ್ವಲ್ಪ ಹುರಿದು ಪುಡಿಯನ್ನೂ ಮಾರುತ್ತದೆ. ನಿಮ್ಮದು ಬೇರೆ ವ್ಯಾಪಾರವಾದರೂ ಹಂತಗಳು ಇವೇ.

ಶುರುಮಾಡಲು ಬೇಕಾದ ಸಾಮಾನು ಕಡಿಮೆ: ಒಂದು ನೋಟ್‌ಬುಕ್, ಗೋಡೆ ಕ್ಯಾಲೆಂಡರ್, ಒಂದು ವಾಟ್ಸ್‌ಆಪ್ ಗುಂಪು, ವಾರಕ್ಕೆ ಅರ್ಧ ಗಂಟೆ.

1. ಯಾವ ತೊಂದರೆ ಹೋಗಬೇಕು, ಒಂದು ಸಾಲಿನಲ್ಲಿ ಬರೆಯಿರಿ

"ಎಲ್ಲಾ ಕಂಪ್ಯೂಟರ್ ಮಾಡಬೇಕು" ಅನ್ನುವುದು ಗುರಿ ಅಲ್ಲ. "ಬೆಳೆಗಾರರು ಬಂದು ಬಾಕಿ ಕೇಳಿದರೆ ಐದು ನಿಮಿಷದೊಳಗೆ ಸರಿಯಾದ ಲೆಕ್ಕ ಕೊಡಬೇಕು" ಅನ್ನುವುದು ಗುರಿ. ಅದು ಆಯಿತೋ ಇಲ್ಲವೋ ಯಾರು ಬೇಕಾದರೂ ನೋಡಿ ಹೇಳಬಹುದು. ಹೋಮ್‌ಸ್ಟೇಗಾದರೆ "ಒಂದೇ ರೂಮು ಇಬ್ಬರಿಗೆ ಬುಕ್ ಆಗಬಾರದು". ಒಂದೇ ಸಾಲು ಸಾಕು. ಎರಡಾದರೂ ಪರವಾಗಿಲ್ಲ. ಐದಾದರೆ ಮತ್ತೆ ಕೂತು ಯೋಚಿಸಿ.

2. ಹೊಣೆ ಒಬ್ಬರಿಗೇ ಕೊಡಿ

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ.

ಸಾಮಾನ್ಯವಾಗಿ ಮೂವರ ಹೆಸರು ಬರುತ್ತದೆ. ಮೊದಲನೆಯದು ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ಮಗ ಅಥವಾ ಅಳಿಯ. ವಿಷಯ ಗೊತ್ತಿರುತ್ತದೆ, ಆದರೆ ಸೋಮವಾರ ಬೆಳಿಗ್ಗೆ ತೂಕದ ಹತ್ತಿರ ಜಗಳವಾದಾಗ ಅವರು ಅಲ್ಲಿರುವುದಿಲ್ಲ. ಎರಡನೆಯದು ಸಾಫ್ಟ್‌ವೇರ್ ಕೊಡುವ ಕಂಪನಿಯ, ಅಂದರೆ ವೆಂಡರ್ ಕಡೆಯ ಹುಡುಗ. ಪಾಪ, ಅವನು ತನ್ನ ಕಂಪನಿಯ ಕಡೆಯವನು. ಆದಷ್ಟು ಬೇಗ ಮುಗಿಸಿ ಮುಂದಿನ ಗಿರಾಕಿ ಹತ್ತಿರ ಹೋಗುವುದು ಅವನ ಕೆಲಸ. ಮೂರನೆಯದು ಯಜಮಾನರೇ. ಅಧಿಕಾರ ಇದೆ, ಸಮಯ ಇಲ್ಲ.

ನನ್ನ ಪ್ರಕಾರ ಸರಿಯಾದವರು ದಿನವೂ ಅಂಗಡಿಯಲ್ಲಿರುವವರು, ಲೆಕ್ಕ ಗೊತ್ತಿರುವವರು, ನಾಲ್ಕು ಜನ ಮಾತು ಕೇಳುವಂಥವರು. ಹಲವು ಕಡೆ ಅದು ಅಕೌಂಟೆಂಟ್ ಅಥವಾ ಲೆಕ್ಕ ಬರೆಯುವ ರೈಟರ್. ಕಂಪ್ಯೂಟರ್ ಜಾಸ್ತಿ ಬರದಿದ್ದರೂ ನಡೆಯುತ್ತದೆ. ಯಜಮಾನರು ಎಲ್ಲರ ಮುಂದೆ ಒಂದು ಮಾತು ಹೇಳಿಬಿಡಬೇಕು: "ಈ ವಿಷಯದಲ್ಲಿ ಇವರು ಹೇಳಿದ್ದೇ ಫೈನಲ್." ಜೊತೆಗೆ ಅವರ ಹಳೆಯ ಕೆಲಸದಲ್ಲಿ ಒಂದಷ್ಟನ್ನು ಬೇರೆಯವರಿಗೆ ವಹಿಸಿ. ಇರುವ ಕೆಲಸದ ಮೇಲೆ ಇದನ್ನೂ ಹೇರಿದರೆ ಎರಡೂ ಕೆಡುತ್ತದೆ.

ಮಗನನ್ನು ಬಿಡಬೇಕಾಗಿಲ್ಲ. ವೆಂಡರ್ ಹೇಳಿದ್ದು ನಿಜವೋ ಅಂತ ನೋಡಲು ಅವನೇ ಸರಿ.

3. ಈಗ ಕೆಲಸ ಹೇಗೆ ನಡೆಯುತ್ತದೆ, ಹಿಂದೆಯೇ ಹೋಗಿ ನೋಡಿ

ಒಂದು ದಿನ ಒಬ್ಬ ಬೆಳೆಗಾರರ ಮೂಟೆ ಜೀಪಿನಿಂದ ಇಳಿದಾಗಿನಿಂದ ದುಡ್ಡು ಅವರ ಕೈ ಸೇರುವವರೆಗೆ ಜೊತೆಗೇ ಇರಿ. ಯಾರು ತೂಕ ಹಾಕಿದರು, ಗೋಣಿಯ ತೂಕ ಎಷ್ಟು ಕಳೆದರು, ತೇವ ಯಾರು ನೋಡಿದರು, ಔಟ್‌ಟರ್ನ್ ಯಾರು ತೆಗೆದರು, ಎಲ್ಲಿ ಬರೆದರು, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಔಟ್‌ಟರ್ನ್ ಗೊತ್ತಿಲ್ಲದವರಿಗೆ: 50 ಕೆಜಿಯ ಒಂದು ಮೂಟೆ ಚೆರಿಯಿಂದ ಎಷ್ಟು ಕೆಜಿ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಸಿಗುತ್ತದೆ ಅನ್ನುವ ಲೆಕ್ಕ ಅದು. ಬೆಲೆ ನಿಲ್ಲುವುದೇ ಅದರ ಮೇಲೆ.

ಹೀಗೆ ನೋಡುವಾಗ ಪುಸ್ತಕದಲ್ಲಿಲ್ಲದ ನಿಯಮಗಳು ಹೊರಗೆ ಬರುತ್ತವೆ. ಕಾಫಿ ಇವತ್ತು ಇಳಿಸುತ್ತಾರೆ, ರೇಟು ಮುಂದೆ ಯಾವತ್ತೋ ಕಟ್ ಮಾಡುತ್ತಾರೆ (ಬೆಲೆ ನಿಗದಿ ಮಾಡುತ್ತಾರೆ). ಅಂದರೆ ಮಾಲು ಗೋಡೌನ್‌ನಲ್ಲಿದೆ, ಆದರೆ ಇನ್ನೂ ನಿಮ್ಮದಲ್ಲ. ಸಾಮಾನ್ಯ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಇದು ಅರ್ಥವೇ ಆಗುವುದಿಲ್ಲ. ಮಾಲು ಬಂತು ಅಂದರೆ ಖರೀದಿ ಆಯಿತು ಅಂತಲೇ ಬರೆದುಕೊಳ್ಳುತ್ತದೆ. ಇನ್ನು ಲೆಡ್ಜರಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಇರುತ್ತದೆ: "ಮಗಳ ಮದುವೆಗೆ 50,000. ಯಜಮಾನರಿಗೆ ಗೊತ್ತು." ಬಡ್ಡಿ ಇದೆಯೋ ಇಲ್ಲವೋ, ಯಾವ ಬೆಳೆಯಲ್ಲಿ ಕಳೆಯಬೇಕು, ಏನೂ ಬರೆದಿಲ್ಲ. ಇಂಥ ಸಾಲುಗಳನ್ನೆಲ್ಲ ಒಂದು ಕಡೆ ಪಟ್ಟಿ ಮಾಡಿ. ಹೊಸ ವ್ಯವಸ್ಥೆಯಲ್ಲಿ ಇವಕ್ಕೆ ಜಾಗ ಎಲ್ಲಿ ಅಂತ ವೆಂಡರ್ ತೋರಿಸಲೇಬೇಕು.

ಎಚ್ಚರಿಕೆ: ಹಳೆಯ ಗೊಂದಲವನ್ನು ಹಾಗೇ ಕಂಪ್ಯೂಟರಿಗೆ ಏರಿಸಬೇಡಿ. ಒಂದೇ ತೂಕವನ್ನು ಮೂರು ಪುಸ್ತಕದಲ್ಲಿ ಬರೆಯುತ್ತಿದ್ದರೆ, ಯಾವ ಎರಡು ಬೇಡ ಅಂತ ಈಗಲೇ ತೀರ್ಮಾನಿಸಿ.

4. ಸ್ಕೋಪ್: ಒಂದೇ ಹಾಳೆ, ಎರಡು ಕಾಲಂ

ಸ್ಕೋಪ್ ಅಂದರೆ ಕೆಲಸದ ಎಲ್ಲೆ. ಎಡಗಡೆ "ಈಗ ಬೇಕು", ಬಲಗಡೆ "ಈಗ ಬೇಡ". ಬಲಗಡೆ ಕಾಲಂ ಖಾಲಿ ಇದ್ದರೆ ನೀವು ಸ್ಕೋಪ್ ಬರೆದಿಲ್ಲ ಅಂತಲೇ ಲೆಕ್ಕ.

ಮಂಡಿಗೆ "ಈಗ ಬೇಕು": ತೂಕದ ಚೀಟಿ, ಬೆಳೆಗಾರರ ಖಾತೆ, ಮುಂಗಡ, ರೇಟ್ ಕಟ್, ಪಾವತಿ. "ಈಗ ಬೇಡ": ಮೊಬೈಲ್ ಆಪ್, ಆನ್‌ಲೈನಿನಲ್ಲಿ ಪುಡಿ ಮಾರಾಟ, ಕಾರ್ಮಿಕರ ಹಾಜರಿ.

ಕೆಲಸ ಶುರುವಾದ ಮೇಲೆ ಒಬ್ಬೊಬ್ಬರೂ "ಇದೊಂದು ಸೇರಿಸಿಬಿಡಿ" ಅನ್ನುತ್ತಾರೆ. ಇದನ್ನು ಸ್ಕೋಪ್ ಕ್ರೀಪ್ ಅನ್ನುತ್ತಾರೆ, ಅಂದರೆ ಎಲ್ಲೆ ಗೊತ್ತಾಗದ ಹಾಗೆ ಬೆಳೆಯುವುದು. ಬೇಡ ಅನ್ನಬೇಕಾಗಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು, ಎಷ್ಟು ದಿನ ಜಾಸ್ತಿ, ಎಷ್ಟು ದುಡ್ಡು ಜಾಸ್ತಿ ಅಂತ ವೆಂಡರ್ ಹತ್ತಿರ ಕೇಳಿ, ಯಜಮಾನರ ಸಹಿ ಆದ ಮೇಲೆ ಸೇರಿಸಿ. ಸಹಿ ಅಂದ ಕೂಡಲೇ ಎಷ್ಟೋ ಬೇಡಿಕೆ ಅಲ್ಲೇ ನಿಂತುಬಿಡುತ್ತವೆ.

ಕೆಲವನ್ನು ಮಾತ್ರ ಮುಂದಾಲೋಚನೆ ಮಾಡಿ ಮೊದಲೇ ಸೇರಿಸಬೇಕು. ಯುರೋಪಿಗೆ ಹೋಗುವ ಕಾಫಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾಗಿರಬಾರದು ಅಂತ ಯುರೋಪ್ ಒಕ್ಕೂಟ 2023ರಲ್ಲಿ ಕಾನೂನು ತಂದಿದೆ. ಅದಕ್ಕೆ ತೋಟದ ಜಿಪಿಎಸ್ ಗುರುತು ಬೇಕು. 4 ಹೆಕ್ಟೇರಿಗಿಂತ ದೊಡ್ಡ ತುಂಡಾದರೆ ಒಂದು ಬಿಂದು ಸಾಲದು, ಸುತ್ತಳತೆಯೇ ಬೇಕು. ಜಾರಿ ದಿನಾಂಕ ಮುಂದಕ್ಕೆ ಹೋಗಿದೆ ನಿಜ. ಆದರೂ ನಿಮ್ಮ ಮಾಲು ರಫ್ತುದಾರರಿಗೆ ಹೋಗುತ್ತದಾದರೆ ಬೆಳೆಗಾರರ ಖಾತೆಯಲ್ಲಿ ಇದಕ್ಕೊಂದು ಜಾಗ ಈಗಲೇ ಇಡಿಸಿ. ಆಮೇಲೆ ಸೇರಿಸಲು ಹೋದರೆ ಖರ್ಚು ಜಾಸ್ತಿ.

5. ಕ್ಯಾಲೆಂಡರ್ ಹಾಕಿ, ಪಂಚಾಂಗವನ್ನೂ ನೋಡಿ

ಗೋಡೆ ಕ್ಯಾಲೆಂಡರಿನಲ್ಲಿ ನಿಮಗೆ ಉಸಿರಾಡಲೂ ಬಿಡುವಿಲ್ಲದ ದಿನಗಳನ್ನು ಮೊದಲು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್ ಸುಮಾರಿಗೆ. ಆಗ ಮಂಡಿಯಲ್ಲಿ ಹೊಸದೇನನ್ನೂ ಶುರುಮಾಡಬೇಡಿ. ಹಾಸನದಲ್ಲಿ ಬಿತ್ತನೆ ಆಲೂಗೆಡ್ಡೆ ವ್ಯಾಪಾರದವರಿಗೆ ಮೇ, ಜೂನ್ ಬೇಡ. ಹಾಸನಾಂಬೆ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿ ಸುಮಾರಿಗೆ ತೆಗೆಯುತ್ತಾರಲ್ಲ, ಆಗ ಪೇಟೆಯ ಲಾಡ್ಜು, ಹೋಟೆಲಿನವರಿಗೆ ಬೇಡ. ಹೋಮ್‌ಸ್ಟೇಗೆ ಕ್ರಿಸ್‌ಮಸ್ ರಜೆ ಬೇಡವೇ ಬೇಡ.

ಮಂಡಿಗೆ ಉಳಿಯುವುದು ಮಳೆಗಾಲ. ಇಲ್ಲೊಂದು ತಮಾಷೆ ಇದೆ. ಕೆಲಸ ಇಲ್ಲದ ತಿಂಗಳು ಅಂದರೆ ಆಷಾಢ, ಆಷಾಢದಲ್ಲಿ ಹೊಸ ಕೆಲಸ ಶುರುಮಾಡಲು ಯಜಮಾನರು ಒಪ್ಪುವುದಿಲ್ಲ. ಅವರ ಜೊತೆ ವಾದ ಮಾಡಬೇಡಿ. ಜೇಷ್ಠದಲ್ಲೇ ವೆಂಡರಿಗೆ ಅಡ್ವಾನ್ಸ್ ಕೊಟ್ಟುಬಿಡಿ. ಆಷಾಢದಲ್ಲಿ ಹಳೆಯ ಲೆಕ್ಕ ಶುಚಿ ಮಾಡಿ. ಅದು ಹೊಸದು ಅಲ್ಲವಲ್ಲ. ಶ್ರಾವಣದಲ್ಲಿ ತರಬೇತಿ, ಪರೀಕ್ಷೆ. ಪಿತೃಪಕ್ಷದಲ್ಲಿ ಎರಡೂ ಲೆಕ್ಕ ಒಟ್ಟಿಗೆ ಬರೆದು ನೋಡುವುದು. ಆಯುಧ ಪೂಜೆ ದಿನ ಕಂಪ್ಯೂಟರಿಗೆ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಮಾರನೆ ವಾರದಿಂದ ಪೂರ್ತಿ ಹೊಸದರಲ್ಲಿ. ಕೊಯ್ಲು ಬರುವಷ್ಟರಲ್ಲಿ ಕೈ ಪಳಗಿರುತ್ತದೆ. ಮಳೆಗಾಲದ ತೊಂದರೆ ಒಂದೇ: ಮರ ಬಿದ್ದು ಕರೆಂಟ್, ನೆಟ್ ಎರಡೂ ಹೋಗುವುದು. ಅದು ಒಳ್ಳೆಯದೇ ಆಯಿತು ಅನ್ನಿ. ನೆಟ್ ಇಲ್ಲದಾಗ ಈ ಸಾಫ್ಟ್‌ವೇರ್ ತೂಕದ ಚೀಟಿ ಕೊಡುತ್ತದೋ ಇಲ್ಲವೋ ಅಂತ ಪರೀಕ್ಷೆ ತಾನಾಗಿಯೇ ಆಗುತ್ತದೆ.

ಪೂರ್ತಿ ಹಣಕಾಸಿನ ಲೆಕ್ಕವನ್ನೇ ಬದಲಿಸುವುದಾದರೆ ಏಪ್ರಿಲ್ 1 ಸರಿ, ಆರಂಭಿಕ ಬಾಕಿ ಸುಲಭ. ಖರೀದಿ, ತೂಕದ ಭಾಗಕ್ಕೆ ಅದು ಕಟ್ಟುಪಾಡಲ್ಲ. ಎರಡನ್ನೂ ಒಂದೇ ದಿನ ಬದಲಿಸಬೇಡಿ.

ಹೀಗೆ ಯಾವ ಕೆಲಸ ಎಂದಿನಿಂದ ಎಂದಿನವರೆಗೆ ಅಂತ ಗೆರೆ ಎಳೆದರೆ ಅದೇ ಗ್ಯಾಂಟ್ ಚಾರ್ಟ್. ಹೆಸರು ಕೇಳಿ ಹೆದರಬೇಡಿ. ನೂರು ವರ್ಷದ ಹಿಂದೆ ಇದನ್ನು ಬಳಕೆಗೆ ತಂದ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಹೆಸರದು. ಮಧ್ಯೆ ಮಧ್ಯೆ "ಇಷ್ಟು ಆಗಿರಲೇಬೇಕು" ಅಂತ ಹಾಕುವ ಗುರುತು ಮೈಲ್‌ಸ್ಟೋನ್.

6. ವೆಂಡರ್, ಒಪ್ಪಂದ, ದುಡ್ಡು

ಡೆಮೊ ನೋಡುವಾಗ ಅವರ ಉದಾಹರಣೆ ಬೇಡ, ನಿಮ್ಮದೇ ಕೊಡಿ. ಮೂರನೇ ಹಂತದಲ್ಲಿ ಸಿಕ್ಕ ಅತಿ ಕಷ್ಟದ ಖಾತೆಯನ್ನು ಮುಂದಿಟ್ಟು "ಇದನ್ನು ಹಾಕಿ ತೋರಿಸಿ" ಅನ್ನಿ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದದ್ದಕ್ಕೆ ಇದೆ. ಎರಡಕ್ಕೂ ಬಿಲ್ಲಿನ ರೂಪವೇ ಬೇರೆ. ಒಂದೇ ಸಾಫ್ಟ್‌ವೇರಿನಲ್ಲಿ ಎರಡೂ ಬರುತ್ತದೋ ನೋಡಿ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ, ಯಾರು ಯಾವಾಗ ಏನು ತಿದ್ದಿದರು ಅನ್ನುವ ದಾಖಲೆ ಅಳಿಸಲಾಗದಂತೆ ಉಳಿಯುವ ಲೆಕ್ಕದ ಸಾಫ್ಟ್‌ವೇರ್ 2023ರ ಏಪ್ರಿಲ್ 1ರಿಂದ ಕಡ್ಡಾಯ. ನಿಮ್ಮ ಸಿಎಯವರನ್ನು ಡೆಮೊಗೆ ಕರೆಯುವುದು ಇದಕ್ಕೇ.

"ಅಜೈಲ್" ಅನ್ನುವ ಪದ ವೆಂಡರ್ ಬಾಯಲ್ಲಿ ಬರಬಹುದು. ಕೆಲಸವನ್ನು ಸಣ್ಣ ಸಣ್ಣ ಕಂತು ಮಾಡಿ, ಪ್ರತಿ ಕಂತನ್ನೂ ತೋರಿಸಿ, ತಿದ್ದಿಕೊಂಡು ಹೋಗುವ ಪದ್ಧತಿ ಅದು. ಒಳ್ಳೆಯ ಪದ್ಧತಿಯೇ. ಆದರೆ "ನಮ್ದು ಅಜೈಲ್ ಸರ್, ಬರೆದುಕೊಡೋದೆಲ್ಲ ಬೇಡ" ಅಂದರೆ ಹುಷಾರಾಗಿ.

ಹಣವನ್ನು ಮೈಲ್‌ಸ್ಟೋನಿಗೆ ಕಟ್ಟಿಹಾಕಿ. ಶುರುವಿಗೆ ಕಾಲು ಭಾಗ, ಹಳೆಯ ಲೆಕ್ಕ ಏರಿಸಿದ ಮೇಲೆ ಒಂದಷ್ಟು, ಹೊಸದರಲ್ಲಿ ಕೆಲಸ ಶುರುವಾದ ಮೇಲೆ ಒಂದಷ್ಟು, ಕೊನೆಯ ಹತ್ತನೇ ಒಂದು ಭಾಗ ಒಂದು ತಿಂಗಳು ನಡೆದ ಮೇಲೆ. ಒಪ್ಪಂದದಲ್ಲಿ ಈ ಮೂರು ಸಾಲು ಇರಲೇಬೇಕು:

- ನಮ್ಮ ಡೇಟಾ ನಮ್ಮದು, ಕೇಳಿದಾಗ ಎಕ್ಸೆಲ್ ರೂಪದಲ್ಲಿ ಕೊಡಬೇಕು.
- ಅಡ್ಮಿನ್ ಪಾಸ್‌ವರ್ಡ್ ನಮ್ಮ ಹತ್ತಿರವೂ ಇರಬೇಕು.
- ಎರಡನೇ ವರ್ಷದಿಂದ ಎಎಂಸಿ, ಅಂದರೆ ವರ್ಷದ ನಿರ್ವಹಣಾ ಶುಲ್ಕ, ಎಷ್ಟು ಅಂತ ಈಗಲೇ ಬರೆಯಬೇಕು.

ವೆಬ್‌ಸೈಟ್ ಮಾಡಿಸುವ ಹೋಮ್‌ಸ್ಟೇಯವರಿಗೆ ಇನ್ನೊಂದು: ಡೊಮೈನ್ ಹೆಸರು (ವೆಬ್‌ಸೈಟಿನ ವಿಳಾಸ) ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲ್‌ನಲ್ಲೇ ನೋಂದಣಿ ಆಗಲಿ.

ತೂಕದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವವರು ಇದನ್ನು ಓದಿ. ಯಂತ್ರಕ್ಕೆ ಕೇಬಲ್ ಹಾಕುವ ಪೋರ್ಟ್ ಇದೆಯೋ ಮೊದಲು ನೋಡಿ. ಇಲ್ಲ ಅಂತ ಟೆಕ್ನಿಶಿಯನ್ ಯಂತ್ರ ಬಿಚ್ಚಲು ಹೋದರೆ ಅಳತೆ ಇಲಾಖೆಯ ಸೀಲ್ ಒಡೆಯುತ್ತದೆ. ಸೀಲ್ ಒಡೆದರೆ ಮತ್ತೆ ಮುದ್ರೆ ಹಾಕಿಸುವವರೆಗೆ ಆ ಯಂತ್ರದಲ್ಲಿ ವ್ಯಾಪಾರ ಮಾಡುವಂತಿಲ್ಲ.

7. ಹಳೆಯ ಲೆಕ್ಕ ಶುಚಿ ಮಾಡಿ

ಇದಕ್ಕೆ ಹಿಡಿಯುವ ಸಮಯವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ವೆಂಡರ್ "ಎಕ್ಸೆಲ್ ಕೊಡಿ ಸಾಕು" ಅನ್ನುತ್ತಾನೆ. ಆ ಎಕ್ಸೆಲ್ ಮಾಡುವುದೇ ದೊಡ್ಡ ಕೆಲಸ.

ಲೆಡ್ಜರ್ ತೆರೆಯಿರಿ. ಒಂದು ಪುಟದಲ್ಲಿ "ಹೊಸಳ್ಳಿ ಮಂಜಣ್ಣ", ಇನ್ನೊಂದರಲ್ಲಿ "ಮಂಜೇಗೌಡ್ರು, ಹೊಸಹಳ್ಳಿ", ಮುಂಗಡದ ಪುಸ್ತಕದಲ್ಲಿ ಬರೀ ಇನಿಶಿಯಲ್. ಮೂವರೂ ಒಬ್ಬರೇ. ರೈಟರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದು ಮೂರು ಖಾತೆ ಮಾಡುತ್ತದೆ, ಒಂದರಲ್ಲಿ ಜಮಾ, ಇನ್ನೊಂದರಲ್ಲಿ ಬಾಕಿ. ಇದಕ್ಕೆ ತದ್ವಿರುದ್ಧವೂ ಉಂಟು: ಒಂದೇ ಊರು, ಒಂದೇ ಹೆಸರು, ಆಳು ಇಬ್ಬರು. ಆದ್ದರಿಂದ ಪ್ರತಿ ಬೆಳೆಗಾರರಿಗೂ ಒಂದು ನಂಬರ್ ಕೊಡಿ. ಜೊತೆಗೆ ಮೊಬೈಲ್ ನಂಬರ್, ಊರು, ದುಡ್ಡು ಹೋಗಬೇಕಾದ ಬ್ಯಾಂಕ್ ಖಾತೆ. ಎಷ್ಟೋ ಸಲ ಖಾತೆ ಹೆಂಡತಿಯ ಹೆಸರಲ್ಲಿರುತ್ತದೆ, ಅದನ್ನೂ ಬರೆದುಕೊಳ್ಳಿ. ಆಧಾರ್ ಪ್ರತಿ ಸುಮ್ನೆ ಕೇಳಬೇಡಿ, ವಾಟ್ಸ್‌ಆಪ್ ಗುಂಪಿನಲ್ಲಂತೂ ಹಾಕಲೇಬೇಡಿ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಅಂಥ ವಿವರ ಕಾಪಾಡುವುದು ನಿಮ್ಮ ಹೊಣೆ.

ಬಾಕಿಯನ್ನು ಏರಿಸುವ ಮುಂಚೆ ಬೆಳೆಗಾರರಿಗೇ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ. ಪುಸ್ತಕದ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ವ್ಯತ್ಯಾಸ ಇದ್ದರೆ ಈಗಲೇ ಬಗೆಹರಿಯಲಿ. ಆಮೇಲಾದರೆ "ಕಂಪ್ಯೂಟರ್ ಬಂದ ಮೇಲೆ ಲೆಕ್ಕ ತಪ್ಪಾಯ್ತು" ಅಂತ ಊರೆಲ್ಲ ಮಾತಾಗುತ್ತದೆ.

ಕನ್ನಡದಲ್ಲಿ ಲೆಕ್ಕ ಇಟ್ಟವರಿಗೆ ಎರಡು ವಿಶೇಷ ಎಚ್ಚರಿಕೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಹಾಗೇ ಕಾಪಿ ಮಾಡಿದರೆ ಹೊಸ ಸಾಫ್ಟ್‌ವೇರಿನಲ್ಲಿ ಅರ್ಥವಿಲ್ಲದ ಅಕ್ಷರ ಕಾಣುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇದೆಯೋ ಕಣ್ಣಾರೆ ನೋಡಿ. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ವ್ಯವಸ್ಥೆ. ಎರಡನೆಯದು ಚೀಟಿ ಪ್ರಿಂಟರ್. ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಸಾಫ್ಟ್‌ವೇರ್ ಅದನ್ನು ಚಿತ್ರವಾಗಿ ಕಳಿಸಬೇಕು. ಕೊಳ್ಳುವ ಮುಂಚೆ ಒಂದು ಕನ್ನಡ ಚೀಟಿ ಪ್ರಿಂಟ್ ಮಾಡಿಸಿ ನೋಡಿ.

ಬೆಳೆಗಾರರಿಗೆ ಎಸ್‌ಎಂಎಸ್ ಹೋಗಬೇಕಾದರೆ ಡಿಎಲ್‌ಟಿ ನೋಂದಣಿ ಬೇಕು. ವ್ಯಾಪಾರಿ ಸಂದೇಶ ಕಳಿಸುವವರು ತಮ್ಮ ಹೆಸರು, ಸಂದೇಶದ ಮಾದರಿ ಎರಡನ್ನೂ ಟೆಲಿಕಾಂ ಕಂಪನಿಯಲ್ಲಿ ಮೊದಲೇ ದಾಖಲು ಮಾಡಿಸುವ ವ್ಯವಸ್ಥೆ ಅದು. ಕೊನೇ ಗಳಿಗೆಗೆ ಬಿಡಬೇಡಿ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಆದ್ದರಿಂದ ಸಂದೇಶ ಚಿಕ್ಕದಿರಲಿ.

8. ಪರೀಕ್ಷೆ ಮಾಡುವವರು ಕೆಲಸ ಮಾಡುವವರೇ ಆಗಲಿ

ಪರೀಕ್ಷೆಯನ್ನು ಮಗನ ಕೈಲಿ ಮಾಡಿಸಬೇಡಿ. ಅವನ ಕೈಲಿ ಎಲ್ಲವೂ ನಡೆಯುತ್ತದೆ. ತೂಕ ಹಾಕುವವರನ್ನು, ರೈಟರನ್ನು ಕೂರಿಸಿ. ಹೋದ ಸೀಸನ್ನಿನ ಒಂದು ವಾರದ ಚೀಟಿಗಳನ್ನು ಅವರೇ ಹಾಕಲಿ, ಕೊನೆಗೆ ಬಂದ ಮೊತ್ತ ಪುಸ್ತಕಕ್ಕೆ ತಾಳೆಯಾಗಲಿ. ಎಲ್ಲಿ ಕೈ ನಿಂತಿತು, ಎಲ್ಲಿ ಕನ್ನಡಕ ಹುಡುಕಿದರು ಅಂತ ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಅಕ್ಷರ ದೊಡ್ಡದಾಗಬೇಕು, ಬಟನ್ ಕನ್ನಡದಲ್ಲಿರಬೇಕು ಅನ್ನುವುದೆಲ್ಲ ಇಲ್ಲೇ ಗೊತ್ತಾಗುತ್ತದೆ.

ಹಳೆಯ ರೈಟರಿಗೆ ಒಳಗೊಳಗೇ ಒಂದು ಭಯ ಇರುತ್ತದೆ: ಇದು ಬಂದರೆ ನನ್ನ ಅಗತ್ಯ ಇರುತ್ತದೋ ಇಲ್ಲವೋ ಅಂತ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಸಿಸ್ಟಂ ಸರಿ ಇಲ್ಲ" ಅನ್ನುತ್ತಾರೆ ಅಷ್ಟೇ. ಅವರ ಕೆಲಸ ಮುಂದೆ ಏನಾಗುತ್ತದೆ ಅಂತ ಯಜಮಾನರು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಮೇಲು.

9. ಎರಡೂ ಲೆಕ್ಕ ಒಟ್ಟಿಗೆ, ಆದರೆ ಕೊನೇ ದಿನ ಗೊತ್ತಿರಲಿ

ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆಯುವುದಕ್ಕೆ ಪ್ಯಾರಲಲ್ ರನ್ ಅನ್ನುತ್ತಾರೆ. ಎರಡು ಮೂರು ವಾರ ಸಾಕು. ಸಂಜೆ ಎರಡನ್ನೂ ತಾಳೆ ನೋಡಿ. ವ್ಯತ್ಯಾಸ ಬಂದರೆ ಅವತ್ತೇ ಕಾರಣ ಹುಡುಕಿ, ಮಾರನೇ ದಿನಕ್ಕೆ ಬಿಡಬೇಡಿ.

ಇಲ್ಲಿ ದೊಡ್ಡ ಗುಂಡಿ ಏನೆಂದರೆ, ಎರಡೂ ಲೆಕ್ಕ ವರ್ಷಗಟ್ಟಲೆ ಹಾಗೇ ನಡೆಯುವುದು. ಜನರಿಗೆ ಎರಡುಪಟ್ಟು ಕೆಲಸ, ಸುಸ್ತಾದಾಗ ಕೈಬಿಡುವುದು ಹೊಸದನ್ನೇ. ಪುಸ್ತಕದಲ್ಲಿ ಬರೆಯುವ ಕೊನೇ ದಿನಾಂಕವನ್ನು ಗೋಡೆಯ ಮೇಲೆ ಬರೆಯಿರಿ. ಆ ದಿನ ಕಳೆದ ಮೇಲೆ ಪುಸ್ತಕ ಬೀರುವಿನಲ್ಲಿ, ಬೀಗದ ಕೈ ಯಜಮಾನರ ಹತ್ತಿರ. ಮೊದಲ ವಾರ ವೆಂಡರ್ ಕಡೆಯ ಒಬ್ಬರು ಅಂಗಡಿಯಲ್ಲೇ ಇರಬೇಕು, ಫೋನಿನಲ್ಲಿ ಅಲ್ಲ. ಇದನ್ನೂ ಒಪ್ಪಂದದಲ್ಲಿ ಬರೆಸಿ.

ಯಜಮಾನರು ಕೂಡ ಆ ದಿನದಿಂದ ಪುಸ್ತಕ ಕೇಳಬಾರದು. ಅವರೇ "ಪುಸ್ತಕದಲ್ಲಿ ಎಷ್ಟಿದೆ ನೋಡು" ಅಂದರೆ ಅಲ್ಲಿಗೆ ಮುಗಿಯಿತು.

10. ಮೊದಲ ತಿಂಗಳು

ವಾರದ ಅರ್ಧ ಗಂಟೆ ಸಭೆ ನಿಲ್ಲಿಸಬೇಡಿ. ಮೂರೇ ಪ್ರಶ್ನೆ: ಏನು ಆಯಿತು, ಏನು ನಿಂತಿದೆ, ಯಾರಿಂದ ನಿಂತಿದೆ. ಉತ್ತರ ನೋಟ್‌ಬುಕ್ಕಿನಲ್ಲಿ, ಹೆಸರು ಮತ್ತು ದಿನಾಂಕದ ಜೊತೆ. ವಾಟ್ಸ್‌ಆಪ್ ಗುಂಪು ಸುದ್ದಿ ಮುಟ್ಟಿಸುವುದಕ್ಕೆ ಮಾತ್ರ, ತೀರ್ಮಾನ ಅಲ್ಲಿ ಕಳೆದುಹೋಗುತ್ತದೆ.

ಬ್ಯಾಕಪ್ ದಿನಾ ಆಗುತ್ತಿದೆ ಅಂತ ವೆಂಡರ್ ಹೇಳುತ್ತಾರೆ. ಒಂದು ಸಲ ಬೇರೆ ಕಂಪ್ಯೂಟರಿನಲ್ಲಿ ಆ ಬ್ಯಾಕಪ್ಪನ್ನು ತೆರೆಸಿ, ನಿನ್ನೆಯ ಕೊನೇ ತೂಕದ ಚೀಟಿ ಅದರಲ್ಲಿ ಕಾಣುತ್ತದೋ ನೀವೇ ನೋಡಿ. ಒಂದನೇ ಹಂತದ ಗುರಿಯನ್ನೂ ಪರೀಕ್ಷಿಸಿ: ಒಬ್ಬ ಬೆಳೆಗಾರರು ಬಂದು ಬಾಕಿ ಕೇಳಿದಾಗ ಗಡಿಯಾರ ನೋಡಿ. ಐದು ನಿಮಿಷದೊಳಗೆ ಸರಿಯಾದ ಲೆಕ್ಕ ಬಂತು, ಬ್ಯಾಕಪ್ಪೂ ತೆರೆಯಿತು ಅಂದರೆ ವೆಂಡರಿಗೆ ಬಾಕಿ ಇರುವ ಹತ್ತನೇ ಒಂದು ಭಾಗ ಕೊಟ್ಟು ರಸೀದಿ ತೆಗೆದುಕೊಳ್ಳಿ. "ಈಗ ಬೇಡ" ಕಾಲಮ್ಮಿನ ಕಡೆ ರೊಬಸ್ಟಾ ಮುಗಿಯುವವರೆಗೆ ತಿರುಗಿ ನೋಡಬೇಡಿ.